ಡೂಪ್ಲಿಕೇಟ್ ಸಾಗವಾನಿ

ಬೆಂಗಳೂರಲ್ಲಿ ಆಗಾಗ ಹಳೇ ಕಾರುಗಳ ರ‍್ಯಾಲಿ ನಡೀತಿರುತ್ತೆ. ಮುಂದಿನ ಸಲ ಹೋದಾಗ 1930ರ ದಶಕದ ಬ್ಯೂಕ್, ಶೆವರ್ಲೆ, ಪ್ಯಾಕರ್ಡ್ ಥರದ ಅಮೆರಿಕನ್ ಕಾರು ಕಂಡರೆ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಕಿಟಕಿಯೊಳಗೆ ಇಣುಕಿ ಡ್ಯಾಶ್‌ಬೋರ್ಡ್ ನೋಡಿ. ಕಂದು ಬಣ್ಣದ ಹೊಳೆಯೋ ಹಲಗೆ, ಅದರೊಳಗೆ ಹೊಗೆ ಸುಳಿದ ಹಾಗೆ ಗೆರೆಗಳು, ಕಿಟಕಿ ಗಾಜಿನ ಸುತ್ತಲ ಚೌಕಟ್ಟಿಗೂ ಅದೇ ಮರ. ಪಕ್ಕದಲ್ಲಿ ನಿಂತವರು ಯಾರಾದರೂ ಖಂಡಿತ ಹೇಳ್ತಾರೆ: "ಆಗಿನ ಕಾಲದಲ್ಲಿ ಎಲ್ಲಾ ಒರಿಜಿನಲ್ ಕಣ್ರೀ, ಈಗಿನ ಥರ ಪ್ಲಾಸ್ಟಿಕ್ ಅಲ್ಲ." ಮಾಲೀಕರು ಆ ಕಡೆ ತಿರುಗಿದಾಗ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಹೆಚ್ಚಿನ ಕಾರುಗಳಲ್ಲಿ ಟಣ್ ಅನ್ನುತ್ತೆ. ಅದು ಮರ ಅಲ್ಲ, ಉಕ್ಕಿನ ತಗಡು. ಮೇಲೆ ಬಳಿದಿರೋದು ಬಣ್ಣ.

ಇದರ ಹಿಂದೆ ಒಂದು ಕಥೆ ಇದೆ. ಶುರುವಿನಲ್ಲಿ ಕಾರಿನ ಮೈ ಕಟ್ಟುತ್ತಿದ್ದ ರೀತಿ ಕುದುರೆ ಸಾರೋಟಿನದ್ದೇ. ಒಳಗೆ ಮರದ ಅಸ್ಥಿಪಂಜರ, ಮೇಲೆ ತಗಡಿನ ಹೊದಿಕೆ. ಆಮೇಲೆ ದೊಡ್ಡ ದೊಡ್ಡ ಪ್ರೆಸ್ಸುಗಳು ಬಂದವು, ಉಕ್ಕಿನ ಹಾಳೆಯನ್ನು ಹಪ್ಪಳದ ಹಾಗೆ ಒತ್ತಿ ಬೇಕಾದ ಆಕಾರಕ್ಕೆ ತರೋದು ಸಾಧ್ಯವಾಯ್ತು. ಜನರಲ್ ಮೋಟಾರ್ಸ್‌ನವರ 1935ರ ಮಾಡೆಲ್ಲುಗಳಲ್ಲಿ ಛಾವಣಿ ಸಹ ಒಂದೇ ತುಂಡು ಉಕ್ಕು. ಮರ ಹೋಯ್ತು, ಆದರೆ ಮರದ ಆಸೆ ಹೋಗಲಿಲ್ಲ. ಕಾರಿನೊಳಗೆ ಕೂತವರಿಗೆ ದಿವಾನಖಾನೆಯಲ್ಲಿ ಕೂತ ಹಾಗೆ ಅನಿಸಬೇಕು. ಖರೇ ಮರದ ತೆಳು ಪದರನ್ನು ತಗಡಿಗೆ ಅಂಟಿಸಿದರಾಗದೇ ಅಂತ ನೀವು ಕೇಳಬಹುದು. ಡ್ಯಾಶ್‌ಬೋರ್ಡ್ ಅನ್ನೋದು ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ಬಾಗಿರುತ್ತೆ. ಕಾಗದವನ್ನು ಚೆಂಡಿಗೆ ಸುತ್ತಿ ನೋಡಿ, ಎಲ್ಲಾದರೂ ಒಂದು ಕಡೆ ಮಡಿಕೆ ಬಿದ್ದೇ ಬೀಳುತ್ತೆ. ಮರದ ಪದರೂ ಅಷ್ಟೇ, ಮೇಲೆ ದುಬಾರಿ ಬೇರೆ. ಹಾಗಾಗಿ ಬಣ್ಣ.

ಕಾರ್ಖಾನೆಯಲ್ಲಿ ಮಾಡ್ತಿದ್ದದ್ದು ಹೀಗೆ. ತಗಡಿಗೆ ಮೊದಲು ತಿಳಿ ಕಂದು ಬಣ್ಣ. ಪಕ್ಕದಲ್ಲಿ ಒಂದು ಲೋಹದ ಫಲಕ, ಅದರ ಮೇಲೆ ಮರದ ಗೆರೆಗಳನ್ನು ಸಣ್ಣ ಸಣ್ಣ ಗುಂಡಿಗಳಾಗಿ ಕೊರೆದಿರ್ತಾರೆ. ಫಲಕಕ್ಕೆ ಗಾಢ ಶಾಯಿ ಹಚ್ಚಿ ಪಟ್ಟಿಯಿಂದ ಎಳೆದರೆ ಗುಂಡಿಗಳಲ್ಲಿ ಮಾತ್ರ ಶಾಯಿ ಉಳಿಯುತ್ತೆ. ಅದರ ಮೇಲೆ ಮೆತ್ತನೆಯ ರೋಲರ್ ಉರುಳಿಸಿದರೆ ಗೆರೆಗಳು ರೋಲರಿಗೆ ಬರ್ತವೆ, ಅದನ್ನು ತಗಡಿನ ಮೇಲೆ ಉರುಳಿಸಿದರೆ ತಗಡಿಗೆ ಇಳೀತವೆ. ಕೊನೆಗೆ ಪಾರದರ್ಶಕ ಲ್ಯಾಕರ್. ರೋಲರ್ ಹೋಗದ ಮೂಲೆ, ತಿರುವು, ಸ್ಕ್ರೂ ತೂತಿನ ಸುತ್ತ ಇರೋ ಜಾಗಕ್ಕೆ ಬ್ರಷ್ ಹಿಡಿದ ಮನುಷ್ಯನೇ ಬೇಕು. ಈಗ ಹಳೇ ಕಾರು ದುರಸ್ತಿ ಮಾಡೋವಾಗ ಈ ಬಣ್ಣ ಎದ್ದು ಹೋಗಿದ್ದರೆ ಎರಡು ದಾರಿ: ಅದೇ ಥರ ಫಲಕ, ರೋಲರ್ ತರಿಸಿಕೊಳ್ಳೋದು, ಇಲ್ಲಾ ಪೂರ್ತಿ ಕೈಯಿಂದ ಬರೆಸೋದು. ಕೈಯಿಂದ ಬರೆಯೋರು ಮೊದಲು ಹುಡುಕೋದು ಬಿಸಿಲು ಬೀಳದ ಜಾಗವನ್ನ. ಯಾವುದೋ ಪಟ್ಟಿಯ ಕೆಳಗೆ, ಮೀಟರಿನ ಅಂಚಿನ ಹಿಂದೆ ಮೂಲ ಬಣ್ಣ ಒಂದಿಷ್ಟು ಉಳಿದಿರುತ್ತೆ, ಅದನ್ನೇ ಗುರುವಾಗಿಟ್ಟುಕೊಂಡು ಇಡೀ ಡ್ಯಾಶ್‌ಬೋರ್ಡ್ ಬರೀತಾರೆ. ಇದು ದುಬಾರಿ ಕೆಲಸ. ಇದನ್ನು ಮಾಡೋರಿಗೆ ಕಾರು ಪ್ರಿಯರ ನಡುವೆ ಕಲಾವಿದ ಅನ್ನೋ ಮರ್ಯಾದೆ ಇದೆ. ನಮ್ಮಲ್ಲೂ ಹಳೇ ಕಾರು ಕಮ್ಮಿ ಇಲ್ಲ. ಜನರಲ್ ಮೋಟಾರ್ಸ್‌ನವರು ಮುಂಬಯಿಯ ಸೆವ್ರಿಯಲ್ಲಿ 1928ರಲ್ಲೇ ಕಾರು ಜೋಡಿಸೋಕೆ ಶುರು ಮಾಡಿದ್ದರು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರುಗಳ ಸಂಗ್ರಹ ನೋಡಿಯೇ ಇರ್ತೀರಿ.

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದರೆ, ಇದೇ ಕೆಲಸವನ್ನು ನಾನು ಚಿಕ್ಕಂದಿನಿಂದ ನೋಡಿದ್ದೀನಿ. ಕಾರಿನ ಮೇಲಲ್ಲ, ಬಾಗಿಲ ಮೇಲೆ. ಮಾನ್ವಿ, ದೇವದುರ್ಗ, ರಾಯಚೂರಿನ ಓಣಿಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ. ಕಬ್ಬಿಣದ ಬಾಗಿಲು, ಸಿಮೆಂಟಿನ ಚೌಕಟ್ಟು, ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಮರದ ಗೆರೆ, ನಡುನಡುವೆ ಗಂಟು. ನಮ್ಮೂರ ಪೇಂಟರುಗಳ ಬಾಯಲ್ಲಿ ಅದು "ಸಾಗವಾನಿ ಡಿಸೈನ್". ಅದಕ್ಕೆ ಯಾರೂ ಕಲೆ ಅನ್ನಲ್ಲ. ಊರಿನವರು "ಡೂಪ್ಲಿಕೇಟ್ ಸಾಗವಾನಿ" ಅಂತ ನಗ್ತಾರೆ. ನನ್ನ ಜೊತೆ ಕೆಲಸ ಮಾಡೋ ಗೆಳೆಯನೊಬ್ಬ ಜಾತ್ರೆಗೆ ಅಂತ ಬಂದಾಗ ನಮ್ಮ ಮನೆ ಬಾಗಿಲು ನೋಡಿ ಫೋಟೊ ತೆಗೆದುಕೊಂಡ. ನಗೋಕೆ ಅಂತಲೇ. ಒಂದೇ ಕೆಲಸ, ಒಂದೇ ಥರ ತಗಡು, ಹೆಚ್ಚುಕಮ್ಮಿ ಒಂದೇ ಬಣ್ಣ. ಪ್ಯಾಕರ್ಡ್ ಒಳಗಿದ್ದರೆ ಪರಂಪರೆ, ಮಾನ್ವಿಯಲ್ಲಿದ್ದರೆ ಕಾಮಿಡಿ. ನನಗೆ ಇದರ ಬಗ್ಗೆ ತಕರಾರಿದೆ.

ಮೊದಲು ನಮ್ಮ ಕಡೆ ಇದು ಹೇಗೆ ಬಂತು ಅನ್ನೋದು. ಎರೆ ಭೂಮಿ ನಮ್ಮದು, ಕಾಡಿಲ್ಲ. ಮರ ಅಂದರೆ ಬೇವು, ಜಾಲಿ. ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ, ಕಂಬ, ಜಂತಿ ಎಲ್ಲಾ ಊರ ಸುತ್ತಲಿನ ಮರದಿಂದಲೇ ಆಗಿದ್ದು. ತೇಗ ಬರಬೇಕಿದ್ದರೆ ದೂರದಿಂದಲೇ ಬರಬೇಕು, ಅದು ಗೌಡರ ಮನೆಗೆ ಮಾತ್ರ. ಆಮೇಲೆ ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ತಂತು, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಜ್ವಾರಿ ಬೆಳೀತಿದ್ದ ಎಷ್ಟೋ ಹೊಲ ಗದ್ದೆ ಆದವು. ಭತ್ತದ ರೊಕ್ಕ ಕೈಗೆ ಬಂದವರು ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದರು. ಮರದ ಬಾಗಿಲು ಇಡೋಣ ಅಂದರೆ ರೇಟು ಕೇಳಿ ಎದೆ ಒಡೀಬೇಕು. ಮೇಲೆ ಗೆದ್ದಲು, ಮೇಲೆ ನಮ್ಮ ಬಿಸಿಲು. ಬ್ಯಾಸಗಿಯಲ್ಲಿ ಸೀಳು ಬಿಟ್ಟ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚೋದೇ ಇಲ್ಲ. ವೆಲ್ಡಿಂಗ್ ಅಂಗಡಿಯವನು ಎರಡು ದಿನದಲ್ಲಿ ಕಬ್ಬಿಣದ ಬಾಗಿಲು ಮಾಡಿ ಕೊಡ್ತಾನೆ.

ಆದರೆ ಬಾಗಿಲು ಅನ್ನೋದು ನಮಗೆ ಬರೀ ಬಾಗಿಲಲ್ಲ. ಚೌಕಟ್ಟು ನಿಲ್ಲಿಸೋವಾಗ ಪೂಜೆ ಮಾಡ್ತೀವಿ, ಹೊಸ್ತಿಲಿಗೆ ಅರಿಶಿಣ ಕುಂಕುಮ ಹಚ್ತೀವಿ, ತೋರಣ ಕಟ್ತೀವಿ. ಕೆಂಪು ಪ್ರೈಮರ್ ಬಳಿದ ಕಬ್ಬಿಣದ ಹಾಳೆಗೆ ಕುಂಕುಮ ಹಚ್ಚೋಕೆ ನಮ್ಮ ಅವ್ವನಂಥವರಿಗೆ ಮನಸ್ಸು ಬರಲ್ಲ. "ಗೋದಾಮಿನ ಬಾಗಿಲಾದಂಗ ಆಗ್ಯಾದ, ಏನರ ಮಾಡ್ಸು" ಅಂತಾರೆ. ಆ "ಏನರ ಮಾಡ್ಸು" ಅನ್ನೋದಕ್ಕೆ ಉತ್ತರವಾಗಿ ಬಂದವನೇ ಪೇಂಟರ್. ಅಮೆರಿಕದವರಿಗೆ ಉಕ್ಕಿನ ಕಾರು ದಿವಾನಖಾನೆ ಥರ ಇರಬೇಕಿತ್ತು, ನಮ್ಮವ್ವಗೆ ಕಬ್ಬಿಣದ ಬಾಗಿಲು ಬಾಗಿಲ ಥರ ಇರಬೇಕಿತ್ತು. ಯಾರ ಆಸೆ ದೊಡ್ಡದು ಅಂತ ನಾನು ತೂಗೋಕೆ ಹೋಗಲ್ಲ. ಆದರೆ ನಗೋದಾದರೆ ಇಬ್ಬರನ್ನೂ ನೋಡಿ ನಗಬೇಕು.

ನಮ್ಮ ಓಣಿಗೆ ಬರ್ತಿದ್ದ ಪೇಂಟರನ್ನ ಎಲ್ಲರೂ ಚಾಚಾ ಅಂತಲೇ ಕರೀತಿದ್ದೆವು. ಮೊದಲು ಅವರದ್ದು ಬೋರ್ಡ್ ಬರೆಯೋ ಕೆಲಸ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಲಾರಿಯ ಹಿಂದಿನ ಹಲಗೆ. ಫ್ಲೆಕ್ಸ್ ಬಂದು ಆ ಕೆಲಸ ಹೋದ ಮೇಲೆ ಬಾಗಿಲಿಗೆ ಇಳಿದರು. ಅವರ ಕೆಲಸ ನೋಡ್ತಾ ಕೂರೋದು ಅಂದರೆ ನನಗೆ ಟಿವಿ ನೋಡಿದ ಹಾಗೆ. ಬಾಗಿಲಿಗೆ ಪುಟ್ಟಿ ಹಚ್ಚಿ ಪಾಲಿಶ್ ಪೇಪರಿನಿಂದ ಉಜ್ಜಿ, ಹಾಲುಗೆನೆಗೆ ಸ್ವಲ್ಪ ಅರಿಶಿಣ ಕಲಸಿದಂಥ ಬಣ್ಣದ ಮೊದಲ ಕೋಟ್. ಅದು ಒಂದು ದಿನ ಪೂರ್ತಿ ಒಣಗಬೇಕು. ಆಮೇಲೆ ಕಂದು ಬಣ್ಣವನ್ನು ಟರ್ಪಂಟೈನ್ ಹಾಕಿ ಹುಣಸೆ ರಸದಷ್ಟು ತೆಳ್ಳಗೆ ಮಾಡಿ ಒಂದು ಪಟ್ಟಿಗೆ ಮಾತ್ರ ಬಳಿಯೋದು. ಇಡೀ ಬಾಗಿಲಿಗೆ ಒಮ್ಮೆಲೇ ಬಳಿದರೆ ಕೈ ಬರೋದರೊಳಗೆ ಒಣಗಿಬಿಡುತ್ತೆ. ಹಸಿ ಇರುವಾಗಲೇ ಸವೆದ ಮೊಂಡು ಬ್ರಷ್ ಎಳೆದರೆ ಸಣ್ಣ ಎಳೆಗಳು. ಹಳೇ ಟ್ಯೂಬಿನ ರಬ್ಬರನ್ನು ಬಾಚಣಿಗೆ ಥರ ಕತ್ತರಿಸಿಕೊಂಡಿರ್ತಿದ್ದರು, ಅದನ್ನು ಎಳೀತಾ ಕೈಯನ್ನು ಸ್ವಲ್ಪ ನಡುಗಿಸಿದರೆ ಅಗಲ ಗೆರೆ. ಗಂಟು ಬೇಕಾದಲ್ಲಿ ಹೆಬ್ಬೆರಳು ಒತ್ತಿ ತಿರುಗಿಸೋದು. ಕೊನೆಗೆ ಒಣ ಬ್ರಷ್ಷಿನಿಂದ ಗಾಳಿ ಬೀಸಿದ ಹಾಗೆ ಮೇಲಿಂದ ಮೇಲೆ ಸವರೋದು. ಅಲ್ಲೀತನಕ ಬಣ್ಣ ಬಳಿದ ಹಾಗೆ ಕಾಣ್ತಿದ್ದದ್ದು ಆ ಸವರಿಕೆಯಾದ ಕೂಡಲೇ ಮರ ಆಗ್ತಿತ್ತು. ಆಮೇಲೆ ವಾರ್ನಿಶ್.

ಕಾರಿನವರು ಮಾಡೋದೂ ಇದನ್ನೇ. ಅವರ ಬ್ರಷ್ಷು ವಿದೇಶದ್ದು, ಚಾಚಾನ ಬಾಚಣಿಗೆ ಸೈಕಲ್ ಟ್ಯೂಬಿನದ್ದು. ಕೆಳಗೆ ತಿಳಿ ಬಣ್ಣ, ಮೇಲೆ ಪಾರದರ್ಶಕ ಗಾಢ ಬಣ್ಣ, ಹಸಿ ಇರುವಾಗ ಗೆರೆ, ಕೊನೆಗೆ ಹೊಳಪಿನ ಪದರು. ಬೆಳಕು ಮೇಲಿನ ಪದರು ದಾಟಿ ಕೆಳಗಿನ ತಿಳಿ ಬಣ್ಣಕ್ಕೆ ಬಡಿದು ವಾಪಸ್ ಬರುತ್ತೆ, ಅದಕ್ಕೇ ಆಳ ಇದ್ದಂತೆ ಕಾಣೋದು. ಗಟ್ಟಿ ಬಣ್ಣದಲ್ಲಿ ಗೆರೆ ಎಳೆದರೆ ಆ ಆಳ ಬರಲ್ಲ, ಗೋಡೆ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಗಿರುತ್ತೆ.

ಹಾಗಂತ ನಮ್ಮೂರಿನ ಎಲ್ಲಾ ಬಾಗಿಲೂ ಚೆಂದ ಅಂತ ನಾನು ಹೇಳಿದರೆ ಅದು ಊರ ಮೇಲಿನ ಮೋಹ ಅಷ್ಟೇ. ಬಹಳಷ್ಟು ಕೆಟ್ಟದಾಗೇ ಇವೆ. ಯಾವುದು ಕೆಟ್ಟದ್ದು ಅಂತ ಹೇಳೋಕೆ ಬರುತ್ತೆ ಅನ್ನೋದೇ ಇದು ಒಂದು ಕಲೆ ಅನ್ನೋದಕ್ಕೆ ನನ್ನ ಮೊದಲ ಸಾಕ್ಷಿ. ಮರದ ಬಾಗಿಲು ಅಂದರೆ ಒಂದೇ ಹಲಗೆ ಅಲ್ಲ. ಎರಡು ಬದಿ ನಿಂತ ಪಟ್ಟಿ, ಮೇಲೆ ಕೆಳಗೆ ನಡುವೆ ಅಡ್ಡ ಪಟ್ಟಿ, ಒಳಗೆ ಹಲಗೆ. ಬಡಗಿ ನಿಂತ ಪಟ್ಟಿಗೆ ಉದ್ದುದ್ದ ಎಳೆ ಇರೋ ಮರ ಹಾಕ್ತಾನೆ, ಅಡ್ಡ ಪಟ್ಟಿಯಲ್ಲಿ ಎಳೆಯೂ ಅಡ್ಡ ಓಡುತ್ತೆ, ನಡುವಿನ ಹಲಗೆಯಲ್ಲಿ ಗೋಪುರದ ಹಾಗೆ ಒಂದರೊಳಗೊಂದು ಏರೋ ಗೆರೆ. ಗಡಿಬಿಡಿ ಪೇಂಟರ್ ಮೇಲಿಂದ ಕೆಳಗಿನ ತನಕ ಒಂದೇ ಎಳೆತ ಎಳೆದುಬಿಡ್ತಾನೆ, ಅಡ್ಡ ಪಟ್ಟಿಯ ಮೇಲೂ ಗೆರೆ ನಿಂತೇ ಇರುತ್ತೆ. ಅಂಥ ಮರ ಇದ್ದಿದ್ದರೆ ಆ ಬಾಗಿಲು ಮೊದಲ ಸಲ ಬಡಿದಾಗಲೇ ಮುರೀತಿತ್ತು. ಚಾಚಾ ಹಾಗೆ ಮಾಡ್ತಿರಲಿಲ್ಲ. ಎರಡು ಪಟ್ಟಿ ಸೇರೋ ಕಡೆ ಕಾಗದ ಅಡ್ಡ ಹಿಡಿದು ಒಂದನ್ನು ಬರೆದು, ಒಣಗಿದ ಮೇಲೆ ಇನ್ನೊಂದನ್ನು ಬರೀತಿದ್ದರು. ಯಾಕೆ ಇಷ್ಟು ತಡ ಅಂತ ಯಾರೋ ಕೇಳಿದ್ದಕ್ಕೆ, "ಬಡಗಿ ಹ್ಯಾಂಗ ಕೂಡಸ್ತಾನ ನೋಡ್ರಿ, ನಾನೂ ಹಂಗೇ ಕೂಡಸಬೇಕಲ್ಲ" ಅಂದಿದ್ದು ನೆನಪಿದೆ. ಇಲ್ಲದ ಮರಕ್ಕೆ ಇಲ್ಲದ ಕೀಲು!

ಗಂಟಿನದ್ದು ಇನ್ನೊಂದು. ಗಂಟು ಅಂದರೆ ಕೊಂಬೆ ಹುಟ್ಟಿದ ಜಾಗ. ಮರ ಬೆಳೀತಾ ಬೆಳೀತಾ ಕೊಂಬೆಯ ಬುಡವನ್ನು ನುಂಗಿರುತ್ತೆ, ಹಾಗಾಗಿ ಗೆರೆಗಳು ಅದರ ಪಕ್ಕ ಬಂದಾಗ ಹೊಳೆ ನೀರು ಬಂಡೆ ಬಳಸಿ ಹೋದ ಹಾಗೆ ಬಳಸಿ ಹೋಗಬೇಕು. ಸುಮ್ಮನೆ ಎಳೆದ ಗೆರೆಗಳ ನಡುವೆ ಹೆಬ್ಬೆಟ್ಟು ಒತ್ತಿದರೆ ಅದು ಗಂಟಲ್ಲ, ದಸ್ತಾವೇಜಿನ ಮೇಲೆ ಸಹಿ ಬರದವರು ಒತ್ತಿದ ಗುರುತು. ಒಳ್ಳೆಯ ಸಾಗವಾನಿಯಲ್ಲಿ ಗಂಟೇ ಕಮ್ಮಿ ಇರೋದು, ಆದರೆ ನಮ್ಮ ಜನಕ್ಕೆ ಗಂಟು ಇಷ್ಟ, ಎಷ್ಟು ಗಂಟೋ ಅಷ್ಟು ರೊಕ್ಕ ವಸೂಲು ಅನ್ನೋ ಲೆಕ್ಕ. ಇಲ್ಲಿ ಪೇಂಟರಿನ ತಪ್ಪಿಗಿಂತ ಗಿರಾಕಿಯದ್ದೇ ಹೆಚ್ಚು. ಮಾನ್ವಿಯಲ್ಲಿ ಒಂದು ಬಾಗಿಲು ನೋಡಿದ್ದೆ, ಒಂದೊಂದು ಗೇಣಿಗೆ ಒಂದೊಂದು ಗಂಟು. ಚಿರತೆ ಚರ್ಮದ ಹಾಗೆ.

ಕಾರಿನ ಕೆಲಸಕ್ಕೂ ಇದೇ ಅಳತೆಗೋಲು ಹಿಡೀಬೇಕು. ಅಲ್ಲಿ ಸಾಮಾನ್ಯವಾಗಿ ಕಾಣೋ ದೋಷ ಅಳತೆಯದ್ದು. ಡ್ಯಾಶ್‌ಬೋರ್ಡಿನ ಪಟ್ಟಿ ಅಂಗೈಯಷ್ಟು ಅಗಲ. ಅಷ್ಟರಲ್ಲಿ ಬಾಗಿಲಿನ ಹಲಗೆಯಲ್ಲಿ ಇರೋ ದೊಡ್ಡ ಗೋಪುರ ತಂದು ಕೂರಿಸಿದರೆ ಗೊಂಬೆಗೆ ಧೋತರ ಉಡಿಸಿದ ಹಾಗೆ. ಅಲ್ಲಿ ಬೇಕಾಗಿರೋದು ವಾಲ್‌ನಟ್ಟಿನ ಸಣ್ಣ, ಮಸುಕು ಸುಳಿ. ಇನ್ನೊಂದು ದೋಷ ಅತಿ ಹೊಳಪು. ಈಗಿನ ದಪ್ಪ ಪಾಲಿಯೂರಿಥೇನ್ ಲೇಪ ಹಾಕಿ ಕನ್ನಡಿ ಮಾಡಿಬಿಟ್ಟರೆ ಕಾರು 1936ರದ್ದೋ ನಿನ್ನೆಯದ್ದೋ ಗೊತ್ತಾಗಲ್ಲ. ಇಂಥ ದುರಸ್ತಿಯ ಫೋಟೊಗಳನ್ನು ನೋಡಿ ಎಲ್ಲರೂ ವಾವ್ ಅಂತಾರೆ. ಚಾಚಾನ ಬಾಗಿಲ ಪಕ್ಕ ಇಟ್ಟರೆ ಅವುಗಳಲ್ಲಿ ಅರ್ಧದಷ್ಟು ನಿಲ್ಲಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. ಕೆಲಸ ಎಷ್ಟೇ ಚೆನ್ನಾಗಿರಲಿ, ಕಬ್ಬಿಣವನ್ನು ಮರ ಅಂತ ತೋರಿಸೋದು ಸುಳ್ಳಲ್ವಾ? ಇದನ್ನು ಗಟ್ಟಿ ದನಿಯಲ್ಲಿ ಹೇಳಿದವರು ಇಂಗ್ಲೆಂಡಿನ ಜಾನ್ ರಸ್ಕಿನ್. 1849ರ ತಮ್ಮ ವಾಸ್ತುಶಿಲ್ಪದ ಪುಸ್ತಕದಲ್ಲಿ ಒಂದು ವಸ್ತುವಿಗೆ ಇನ್ನೊಂದರ ವೇಷ ಹಾಕಿ ಬಣ್ಣ ಬಳಿಯೋದನ್ನು ವಂಚನೆಗಳ ಪಟ್ಟಿಗೆ ಸೇರಿಸಿದ್ದರು. ಎರಡೇ ವರ್ಷಕ್ಕೆ, 1851ರ ಲಂಡನ್ ಮಹಾಪ್ರದರ್ಶನದಲ್ಲಿ, ಥಾಮಸ್ ಕರ್ಶಾ ಅನ್ನೋ ಪೇಂಟರ್ ಅದೇ ಕೆಲಸಕ್ಕೆ ಬಹುಮಾನ ತಗೊಂಡ. ಅವನು ಮರ, ಅಮೃತಶಿಲೆಯ ಹಾಗೆ ಬರೆದ ಹಲಗೆಗಳು ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಅಂದರೆ ಜಗಳ ಹಳೇದು.

ರಸ್ಕಿನ್ ಹಠಮಾರಿ, ಆದರೆ ಪೆದ್ದ ಅಲ್ಲ. ಅವರೇ ಒಂದು ವಿನಾಯಿತಿ ಕೊಟ್ಟಿದ್ದರು. ಕಟ್ಟಡದ ಮೇಲೆ ಬಂಗಾರದ ಲೇಪ ವಂಚನೆ ಅಲ್ಲ, ಯಾಕಂದರೆ ಅದು ಗಟ್ಟಿ ಬಂಗಾರ ಅಂತ ಯಾರೂ ತಿಳಿಯಲ್ಲ. ಅದೇ ಲೇಪ ಒಡವೆ ಮೇಲಿದ್ದರೆ ವಂಚನೆ, ಯಾಕಂದರೆ ಅಲ್ಲಿ ಗಟ್ಟಿ ಅಂತಲೇ ತಿಳೀತಾರೆ. ನನಗೆ ಈ ಮಾತು ಬಹಳ ಉಪಯೋಗಕ್ಕೆ ಬರುತ್ತೆ. ನಮ್ಮ ಪಕ್ಕದ ಕೊಪ್ಪಳದ ಕಿನ್ನಾಳವನ್ನೇ ನೋಡಿ. 1997ರ ತನಕ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಕಿನ್ನಾಳದ ಮೇಲೆ ನಮಗೂ ಸ್ವಲ್ಪ ಹಕ್ಕಿದೆ ಅಂದುಕೊಳ್ತೀನಿ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆ, ದೇವರ ಮೂರ್ತಿ ಮಾಡ್ತಾರೆ. ಅವರದ್ದೊಂದು ಲಾಜವರ ಅನ್ನೋ ಪದ್ಧತಿ ಇದೆ: ಲೋಹದ ಪುಡಿಯನ್ನು ಅಂಟಿನ ಜೊತೆ ಕಲಸಿ ಮರಕ್ಕೆ ಹಚ್ಚಿ ನಯವಾದ ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯ ಹೊಳಪು, ಅದರ ಮೇಲೆ ಹಳದಿ ಛಾಯೆಯ ಲೇಪ ಕೊಟ್ಟರೆ ಬಂಗಾರದ ಹೊಳಪು. ಚಾಚಾ ಲೋಹವನ್ನು ಮರ ಮಾಡಿದರೆ ಅವರು ಮರವನ್ನು ಲೋಹ ಮಾಡ್ತಾರೆ. ಕಿನ್ನಾಳದ ಗೌರಿ ಮೂರ್ತಿ ನೋಡಿ ಡೂಪ್ಲಿಕೇಟ್ ಬಂಗಾರ ಅಂತ ಯಾರಾದರೂ ನಗ್ತಾರಾ? ಎಂಪೋರಿಯಂನಲ್ಲಿ ಕೊಂಡು ಹಾಲಿನಲ್ಲಿ ಇಟ್ಟುಕೊಳ್ತಾರೆ.

ಇನ್ನೂ ಹಿಂದಕ್ಕೆ ಹೋಗೋದಾದರೆ ಐಹೊಳೆ. ಅಲ್ಲಿನ ಲಾಡ್‌ಖಾನ್ ಗುಡಿಯ ಛಾವಣಿ ಇಳಿಜಾರಾದ ಕಲ್ಲು ಚಪ್ಪಡಿಗಳದ್ದು. ಚಪ್ಪಡಿ ಚಪ್ಪಡಿ ಸೇರೋ ಸಂದಿ ಮುಚ್ಚೋಕೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ, ಅವಕ್ಕೆ ಮರದ ದಿಮ್ಮಿಯ ಆಕಾರ. ಮರದಲ್ಲಿ ಕಟ್ಟಿ ಅಭ್ಯಾಸ ಇದ್ದ ಕೈ ಕಲ್ಲಿಗೆ ಬಂದಾಗ ಮರದ ನೆನಪನ್ನೂ ಜೊತೆಗೆ ತಂದಿತ್ತು. ಕಲ್ಲಿಗೆ ಅದು ಅಗತ್ಯವೇನೂ ಇರಲಿಲ್ಲ. ಅದನ್ನು ನೋಡಿ ಚಾಲುಕ್ಯರ ಶಿಲ್ಪಿಗಳು ಸುಳ್ಳುಗಾರರು ಅಂತ ನಾವು ಅನ್ನಲ್ಲ, ಟಿಕೆಟ್ ತಗೊಂಡು ನೋಡಿ ಬರ್ತೀವಿ.

ಹಾಗಾದರೆ ವಂಚನೆ ಎಲ್ಲಿ ಶುರುವಾಗುತ್ತೆ? ಮಾರೋ ಕಡೆ. ಬಣ್ಣ ಬಳಿದ ಡ್ಯಾಶ್‌ಬೋರ್ಡನ್ನು ಮರ ಅಂತ ಹೇಳಿ ಕಾರು ಮಾರಿದರೆ ವಂಚನೆ. ಮಾನ್ವಿಯ ಬಾಗಿಲಲ್ಲಿ ವಂಚನೆಗೊಳಗಾದವರು ಯಾರು? ಮನೆಯವರಿಗೆ ಗೊತ್ತು, ಓಣಿಯವರಿಗೆ ಗೊತ್ತು, ಬಾಗಿಲು ತಟ್ಟಿದ ಭಿಕ್ಷುಕನಿಗೂ ಸದ್ದಿನಿಂದಲೇ ಗೊತ್ತು. ಎಲ್ಲರಿಗೂ ಗೊತ್ತಿದ್ದು ಮಾಡೋ ವೇಷ ಅದು, ಬಯಲಾಟದಲ್ಲಿ ಗಂಡಸು ದ್ರೌಪದಿ ಪಾತ್ರ ಮಾಡಿದ ಹಾಗೆ. ಅಲ್ಲಿ ನಾವು ಕೇಳೋದು "ಇವನು ಹೆಣ್ಣಾ?" ಅಂತಲ್ಲ, "ಪಾತ್ರ ಹೇಗೆ ಮಾಡಿದ?" ಅಂತ.

ಅದಕ್ಕೇ ನನ್ನ ಪ್ರಕಾರ ಇಲ್ಲಿ ಕೇಳಬೇಕಾದ ಪ್ರಶ್ನೆ ಅಸಲಿನಾ ನಕಲಿನಾ ಅನ್ನೋದಲ್ಲ. ಇದನ್ನು ಮಾಡಿದ ಕೈ ಮರವನ್ನು ನೋಡಿದೆಯಾ ಅನ್ನೋದು. ಇಲ್ಲಿ ನಮ್ಮ ಫ್ಲಾಟುಗಳ ಮಾತು ಬರುತ್ತೆ, ಬೇಜಾರು ಮಾಡ್ಕೋಬೇಡಿ. ನಮ್ಮ ಬಾಗಿಲು ನೋಡಿ ನಕ್ಕ ಗೆಳೆಯನ ಮನೆ ಸರ್ಜಾಪುರ ರಸ್ತೆಯಲ್ಲಿದೆ. ಅವನ ವಾರ್ಡ್‌ರೋಬಿಗೆ "ಟೀಕ್ ಫಿನಿಶ್" ಸನ್ಮೈಕಾ. ಸನ್ಮೈಕಾ ಅಂದರೆ ಕಂದು ಕಾಗದದ ಪದರುಗಳು, ಅವುಗಳ ಮೇಲೆ ಮರದ ಚಿತ್ರ ಪ್ರಿಂಟ್ ಆದ ಒಂದು ಕಾಗದ, ಎಲ್ಲಾ ರಾಳದಲ್ಲಿ ಅದ್ದಿ ಬಿಸಿ ಮಾಡಿ ಒತ್ತಿದ್ದು. ನೆಲದ "ವುಡನ್ ಫ್ಲೋರಿಂಗ್" ಮರದ ಹೊಟ್ಟಿನ ಹಲಗೆಯ ಮೇಲೆ ಅಂಟಿಸಿದ ಫೋಟೊ. ಬಾಲ್ಕನಿಯಲ್ಲಿ ಮರದ ಗೆರೆ ಇರೋ ಟೈಲ್ಸ್. ಕಾರಿನಲ್ಲಿ ಆನ್‌ಲೈನಿನಲ್ಲಿ ತರಿಸಿ ಅಂಟಿಸಿದ "ವುಡ್ ಫಿನಿಶ್" ಕಿಟ್. ದುಬಾರಿ ಕಾರುಗಳಿಗೂ ಇನ್ನೊಂದು ವಿಧಾನ ಇದೆ: ನೀರಿನಲ್ಲಿ ಕರಗೋ ಹಾಳೆಯ ಮೇಲೆ ಮರದ ಚಿತ್ರ ಪ್ರಿಂಟ್ ಮಾಡಿ, ಅದನ್ನು ನೀರಿನ ಮೇಲೆ ತೇಲಿಬಿಟ್ಟು, ಪ್ಲಾಸ್ಟಿಕ್ ಭಾಗವನ್ನು ಮೇಲಿಂದ ಅದ್ದೋದು. ಚಿತ್ರ ಮೈಗೆಲ್ಲಾ ಹತ್ತಿಕೊಳ್ಳುತ್ತೆ. ನೋಡೋಕೆ ಜಾದೂ.

ಇವು ಯಾವುವೂ ವಂಚನೆ ಅಲ್ಲ, ನಾನು ನನ್ನ ಮಾತಿಗೆ ಬದ್ಧ. ಆದರೆ ಆ ವಾರ್ಡ್‌ರೋಬನ್ನ ಐದು ನಿಮಿಷ ದಿಟ್ಟಿಸಿ ನೋಡಿ. ಎಡ ಬಾಗಿಲಲ್ಲಿ ಒಂದು ಗಂಟು. ಬಲ ಬಾಗಿಲಲ್ಲೂ ಅದೇ ಗಂಟು, ಅದೇ ಎತ್ತರದಲ್ಲಿ, ಅದೇ ಬಾಲ ಬಿಟ್ಟುಕೊಂಡು. ಮೇಲಿನ ಲಾಫ್ಟಿನಲ್ಲಿ ಅದರದೇ ತಲೆ. ಯಾವುದೋ ಒಂದು ಮರದ ಒಂದೇ ಹಲಗೆ ಬೆಂಗಳೂರಿನ ಎಷ್ಟು ಮಲಗೋ ಕೋಣೆಗಳಲ್ಲಿ ನಿಂತಿದೆಯೋ ದೇವರಿಗೇ ಗೊತ್ತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಕಾಪಿ ಪೇಸ್ಟ್.

ಈ ಪ್ರಾಸ ತಪ್ಪಿಸೋಕೆ ನಮ್ಮವರೇ ಒಬ್ಬರು ತಲೆ ಕೆಡಿಸಿಕೊಂಡಿದ್ದರು. 1982ರ "ಟ್ರಾನ್" ಸಿನಿಮಾದಲ್ಲಿ ಕೆಲಸ ಮಾಡಿದ ಕೆನ್ ಪರ್ಲಿನ್. ಕಂಪ್ಯೂಟರ್ ಚಿತ್ರಗಳು ತೀರಾ ಯಂತ್ರದ ಥರ ಕಾಣ್ತವೆ ಅಂತ ಅವರಿಗೆ ಕಿರಿಕಿರಿ. ಅದರಿಂದ ಹುಟ್ಟಿ 1985ರಲ್ಲಿ ಪ್ರಕಟವಾಗಿದ್ದೇ ಪರ್ಲಿನ್ ನಾಯ್ಸ್. 1997ರಲ್ಲಿ ಆಸ್ಕರ್ ಕೊಡೋ ಅಕಾಡೆಮಿ ಅದಕ್ಕೆ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಅದರಿಂದ ಮರ ಮಾಡೋ ಉಪಾಯ ಗ್ರಾಫಿಕ್ಸ್ ಓದಿದ ಎಲ್ಲರಿಗೂ ಗೊತ್ತು: ಮೊದಲು ಒಂದರೊಳಗೊಂದು ವೃತ್ತ ಬರೀರಿ, ಅದು ಮರದ ವರ್ಷದ ಬಳೆ. ಆಮೇಲೆ ಆ ವೃತ್ತಗಳನ್ನು ನಾಯ್ಸ್ ಹಾಕಿ ಸ್ವಲ್ಪ ಅಲುಗಾಡಿಸಿ. ಹಲಗೆ ಕೊಯ್ದ ಹಾಗೆ ಒಂದು ಕಡೆಯಿಂದ ಕತ್ತರಿಸಿ ನೋಡಿದರೆ ಗೋಪುರದ ಗೆರೆಗಳು ತಾವೇ ಬರ್ತವೆ. ನನಗೆ ಇದರಲ್ಲಿ ಇಷ್ಟವಾಗೋದು, ಆ ಕೋಡಿಗೆ ಮರ ಹೇಗೆ ಬೆಳೆಯುತ್ತೆ ಅನ್ನೋದು ಗೊತ್ತು. ಚಿತ್ರವನ್ನಲ್ಲ, ಬೆಳವಣಿಗೆಯನ್ನ ಅದು ನಕಲು ಮಾಡುತ್ತೆ. ಮೊದಲ ವರ್ಷ ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಓಡಿಸಿದಾಗ ನೆನಪಾಗಿದ್ದು ರಬ್ಬರ್ ಬಾಚಣಿಗೆ ಹಿಡಿದ ಕೈಯ ಆ ಸಣ್ಣ ನಡುಕ. ಒಂದು ಸಲ ಬಂದ ನಡುಕ ಇನ್ನೊಂದು ಸಲ ಬರ್ತಿರಲಿಲ್ಲ.

ಫೋರ್ಡ್‌ನವರ ಕಂಟ್ರಿ ಸ್ಕ್ವೈರ್ ಅನ್ನೋ ಕಾರಿನ ಚರಿತ್ರೆ ಈ ವಿಷಯದಲ್ಲಿ ಪಾಠದಂತಿದೆ. 1951ರ ತನಕ ಅದರ ಹೊರಮೈಗೆ ಖರೇ ಮರ ಇತ್ತು. 1952ಕ್ಕೆ ಮೈ ಪೂರ್ತಿ ಉಕ್ಕಾಯ್ತು, ಮೇಲೆ ಮರದ ಚಿತ್ರದ ಹಾಳೆ ಬಂತು, ಸುತ್ತಲಿನ ಪಟ್ಟಿ ಮಾತ್ರ ಮರದ್ದೇ ಉಳೀತು. ಆಮೇಲೆ ಆ ಪಟ್ಟಿಯೂ ಫೈಬರ್ ಗ್ಲಾಸ್ ಆಯ್ತು. ಹಾಳೆಯ ಮೇಲಿನ ಮರ ಅದಾದ ಮೇಲೂ ದಶಕಗಳ ಕಾಲ ಬರ್ತಾನೇ ಇತ್ತು. ಮರ ನೋಡಿದವರು ಮಾಡಿದ್ದನ್ನು ನೋಡಿದವರು ಮಾಡಿದ್ದು, ಅದನ್ನು ನೋಡಿದವರು ಇನ್ನೊಂದು ಮಾಡಿದ್ದು. ಕಿವಿಯಿಂದ ಕಿವಿಗೆ ಹೋದ ಮಾತಿನಂತೆ ಕೊನೆಗೆ ಉಳಿದದ್ದು ಮರದ ಚಿತ್ರ ಅಲ್ಲ, ಮರದ ಚಿತ್ರದ ಚಿತ್ರ.

ನಮ್ಮ ಕಡೆಯೂ ಈಗ ಅದೇ ಹಂತ. ರಾಯಚೂರಿನ ಅಂಗಡಿಗಳಲ್ಲಿ ರೆಡಿಮೇಡ್ ಉಕ್ಕಿನ ಬಾಗಿಲು ಬಂದಿವೆ, ಮರದ ಗೆರೆ ಪ್ರಿಂಟ್ ಆಗಿಯೇ ಬರುತ್ತೆ, ಬೀಗ, ಹಿಡಿಕೆ ಎಲ್ಲಾ ಕೂಡಿಸಿಯೇ. ಕಟ್ಟೋವರ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೇನಿಲ್ಲ. ನಮ್ಮ ಚಿಕ್ಕಪ್ಪನ ಮನೆಗೂ ಅದೇ ಬಂತು, ನಾಲ್ಕು ದಿನದ ಕೆಲಸ ಅರ್ಧ ದಿನಕ್ಕೆ ಮುಗೀತು, ವಾರ್ನಿಶ್ ವಾಸನೆ ಇಲ್ಲ. ಕೈಕೆಲಸದ ವಾರ್ನಿಶ್ ನಮ್ಮ ಬಿಸಿಲಿಗೆ ಐದಾರು ವರ್ಷದಲ್ಲಿ ಹಳದಿಯಾಗಿ ಸಿಪ್ಪೆ ಏಳುತ್ತೆ ಅನ್ನೋದೂ ನಿಜ. ಫ್ಲೆಕ್ಸ್ ಬಂದು ಬೋರ್ಡ್ ಕಿತ್ತುಕೊಂಡಿತ್ತು, ಈಗ ಇದು ಬಾಗಿಲು ಕಿತ್ತುಕೊಳ್ತಿದೆ. ಚಾಚಾಗೆ ಈಗ ಸಿಗೋದು ಗೋಡೆಗೆ ಪುಟ್ಟಿ ಹಚ್ಚೋ ಕೆಲಸ, ಚದರ ಅಡಿ ಲೆಕ್ಕದಲ್ಲಿ. ಕಳೆದ ಸಲ ಸಿಕ್ಕಾಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಅಮೆರಿಕದಲ್ಲಿ ಯಾರೋ 1930ರ ದಶಕದ ಕಾರಿನ ಕಿಟಕಿ ಚೌಕಟ್ಟಿಗೆ ಗೆರೆ ಬರೀತಿದ್ದ. ಚಾಚಾ ಕನ್ನಡಕ ಏರಿಸಿ, ಎರಡು ಸಲ ಹಿಂದಕ್ಕೆ ಹೋಗಿ ನೋಡಿದರು.

"ಕೈ ಚಲೋ ಅದ," ಅಂದರು. "ಆದ್ರ ಮೂಲ್ಯಾಗ ಜೋಡ ತಪ್ಪ್ಯಾನ ನೋಡು. ಗೆರೀ ಹಂಗೇ ತಿರುಗ್ಯಾದ. ಕಟಿಗಿ ಎಲ್ಲರ ಹಂಗ ಬಾಗ್ತದೇನು?"

ಮತ್ತೆ ಹಿಂದಕ್ಕೆ ಹೋಗಿ ನೋಡಿದೆ. ಚೌಕಟ್ಟಿನ ಮೂಲೆಯಲ್ಲಿ ಗೆರೆಗಳು ನಿಜಕ್ಕೂ ರಬ್ಬರಿನ ಹಾಗೆ ತಿರುಗಿದ್ದವು. ಕೆಳಗೆ ಸಾವಿರಾರು ಲೈಕು. "ಇದಕ್ಕ ಎಷ್ಟ ಕೊಡ್ತಾರ ತಮ್ಮಾ?" ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಕಿಟಕಿಗಾ?" ಅಂದರು.

ಮಾನ್ವಿಯಲ್ಲೋ ದೇವದುರ್ಗದಲ್ಲೋ ಇಂಥ ಬಾಗಿಲಿರೋ ಮನೆಗೆ ಹೋದರೆ ಮನೆಯವರನ್ನು ಕೇಳಿ ಬಾಗಿಲ ಹಿಂಬದಿ ನೋಡಿ. ಕೆಳಗಿನ ಮೂಲೆಯಲ್ಲಿ, ಬಾಗಿಲು ತೆಗೆದಾಗ ಗೋಡೆಗೆ ತಾಗಿ ಮರೆಯಾಗೋ ಜಾಗದಲ್ಲಿ, ಪೇಂಟರ್ ಕೈ ಪಳಗಿಸಿಕೊಂಡಿರೋ ಒಂದು ಗೇಣಷ್ಟು ಜಾಗ ಇರುತ್ತೆ. ಒಂದು ಎಳೆತ ದಪ್ಪ, ಒಂದು ತೆಳು, ಒಂದರಲ್ಲಿ ಬಾಚಣಿಗೆ ಜಾರಿದೆ, ಒಂದು ಗಂಟು ಅರ್ಧಕ್ಕೇ ಬಿಟ್ಟಿದ್ದು. ಅಲ್ಲಿಗೆ ಬಿಸಿಲು ಬೀಳಲ್ಲ. ಮುಂದಿನ ಗೆರೆಯೆಲ್ಲಾ ಸಿಪ್ಪೆಯೆದ್ದು ಹೋದ ಮನೆಗಳಲ್ಲೂ ಅದು ಬಳಿದ ದಿನ ಇದ್ದ ಹಾಗೇ ಇದೆ.